ಹದಿನೆಂಟರ ಮತ, ಅಮೆರಿಕದಲ್ಲಿ

ಬಂದೂಕು ಹಿಡಿದು ಹೋರಾಡುವ ವಯಸ್ಸಾದವನಿಗೆ ಮತ ಹಾಕುವ ವಯಸ್ಸಾಗಿಲ್ಲವೆ? 1960ರ ದಶಕದಲ್ಲಿ ಅಮೆರಿಕದ ಯುವಜನರು ಕೇಳಿದ ಪ್ರಶ್ನೆಯಿದು. ಹದಿನೆಂಟು ದಾಟಿದ ಹುಡುಗರನ್ನು ವಿಯೆಟ್ನಾಂ ಯುದ್ಧಕ್ಕೆ ಕಡ್ಡಾಯವಾಗಿ ಕರೆದೊಯ್ಯಬಹುದಾಗಿತ್ತು. ಆದರೆ ಆ ಯುದ್ಧ ಬೇಕೋ ಬೇಡವೋ ಎಂದು ತೀರ್ಮಾನಿಸುವವರನ್ನು ಆರಿಸಲು ಹೆಚ್ಚಿನ ರಾಜ್ಯಗಳಲ್ಲಿ ಅವರು ಇಪ್ಪತ್ತೊಂದು ತುಂಬುವವರೆಗೆ ಕಾಯಬೇಕಿತ್ತು.

1970ರಲ್ಲಿ ಅಮೆರಿಕದ ಸಂಸತ್ತು ಈ ವಯಸ್ಸನ್ನು 18ಕ್ಕೆ ಇಳಿಸಿ ಕಾನೂನು ಮಾಡಿತು. ಅದು ರಾಷ್ಟ್ರೀಯ ಚುನಾವಣೆಗಳಿಗೆ ಮಾತ್ರ ಅನ್ವಯಿಸುತ್ತದೆ, ರಾಜ್ಯಗಳ ಚುನಾವಣೆಗಳಿಗಲ್ಲ ಎಂದಿತು ಸುಪ್ರೀಂ ಕೋರ್ಟು. ಅಂದರೆ ಒಂದೇ ಮತಗಟ್ಟೆಗೆ ಎರಡೆರಡು ಮತದಾರರ ಪಟ್ಟಿ! ಈ ಗೊಂದಲದಿಂದ ಪಾರಾಗಲು ಸಂವಿಧಾನದ 26ನೆಯ ತಿದ್ದುಪಡಿ ಬಂತು. 1971ರ ಮಾರ್ಚಿಯಲ್ಲಿ ಸಂಸತ್ತು ಒಪ್ಪಿದ್ದನ್ನು ಜುಲೈ 1ರ ವೇಳೆಗೆ ಅಗತ್ಯವಿದ್ದಷ್ಟು ರಾಜ್ಯಗಳೂ ಒಪ್ಪಿದವು. ಅಲ್ಲಿನ ಬೇರಾವ ತಿದ್ದುಪಡಿಯೂ ಇಷ್ಟು ಬೇಗ ಅಂಗೀಕಾರವಾಗಿಲ್ಲ. (ನಮ್ಮಲ್ಲಿ 21 ಇದ್ದದ್ದು 18 ಆದದ್ದು 1989ರಲ್ಲಿ, 61ನೆಯ ತಿದ್ದುಪಡಿಯಿಂದ.)

ಹೋರಾಡಿ ಪಡೆದ ಹಕ್ಕನ್ನು ಬಳಸಿದವರೆಷ್ಟು ಮಂದಿ? 1972ರಲ್ಲಿ 18ರಿಂದ 24 ವಯಸ್ಸಿನವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮತ ಹಾಕಿದರು. 1996ರ ಹೊತ್ತಿಗೆ ಅದು ಮೂರರಲ್ಲೊಂದು ಪಾಲಿನ ಆಸುಪಾಸಿಗೆ ಕುಸಿಯಿತು. ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆಗಳಲ್ಲಂತೂ ಸ್ಥಿತಿ ಇನ್ನೂ ಶೋಚನೀಯ. 2014ರಲ್ಲಿ 30ರೊಳಗಿನವರಲ್ಲಿ ಮತ ಹಾಕಿದವರು ಶೇ. 20 ಮಾತ್ರ. 2018ರಲ್ಲಿ ಅದು ಶೇ. 36ಕ್ಕೆ ಜಿಗಿಯಿತು. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ 24ರವರೆಗಿನವರು ಶೇ. 51.4, ಅವರ ಅಜ್ಜ ಅಜ್ಜಿಯರ ವಯಸ್ಸಿನವರು, ಅಂದರೆ 65ರಿಂದ 74ರವರು, ಶೇ. 76. ಒಂದು ಎಚ್ಚರಿಕೆಯ ಮಾತು: ಇವು ಅಲ್ಲಿನ ಜನಗಣತಿ ಇಲಾಖೆಯವರು ಚುನಾವಣೆಯ ನಂತರ ಜನರನ್ನು ವಿಚಾರಿಸಿ ಪಡೆದ ಅಂಕಿಗಳು. ಮತ ಹಾಕದವರೂ ಸಂಕೋಚಕ್ಕೆ "ಹಾಕಿದೆ" ಎನ್ನುವುದುಂಟು. ಅಳತೆಗೋಲಿನ ದೋಷವನ್ನು ನೆನಪಿಟ್ಟೇ ಅಂಕಿಗಳನ್ನು ಓದಬೇಕೆಂದು ನಿಮ್ಮ ಪ್ರಯೋಗಶಾಲೆಯಲ್ಲೂ ಹೇಳಿರುತ್ತಾರೆ.

ಯುವಕರು ಸೋಮಾರಿಗಳು ಎಂದುಬಿಡುವುದು ಸುಲಭ. ನನಗೆ ಅದು ಅರ್ಧ ಉತ್ತರವೆನಿಸುತ್ತದೆ. ನಾರ್ತ್ ಡಕೋಟ ಒಂದನ್ನು ಬಿಟ್ಟು ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಮತ ಹಾಕಲು ಮೊದಲು ಹೆಸರು ನೋಂದಾಯಿಸಿರಬೇಕು. ಹೆಸರು ಬರೆದುಕೊಳ್ಳಲು ನಮ್ಮಲ್ಲಿನಂತೆ ಮನೆಬಾಗಿಲಿಗೆ ಯಾರೂ ಬರುವುದಿಲ್ಲ. ಮನೆ ಬದಲಾದರೆ ವಿಳಾಸವನ್ನೂ ಬದಲಿಸಬೇಕು. ಕಾಲೇಜಿಗೆಂದು ಊರು ಬಿಡುವವರು, ಕೆಲಸ ಹುಡುಕಿ ಅಲೆಯುವವರು ಯಾರು? ನಿಮ್ಮ ವಯಸ್ಸಿನವರೇ ಅಲ್ಲವೆ?

ಟೆಕ್ಸಾಸ್‌ನ ವಾಲರ್ ಕೌಂಟಿಯ ಕಥೆ ಕೇಳಿ. ಅಲ್ಲಿ ಪ್ರೇರಿ ವ್ಯೂ ಎಂಬ, ಕಪ್ಪು ಜನರ ಶಿಕ್ಷಣಕ್ಕಾಗಿ ಹುಟ್ಟಿದ ವಿಶ್ವವಿದ್ಯಾಲಯವಿದೆ. 1970ರ ದಶಕದಲ್ಲಿ ಆ ವಿದ್ಯಾರ್ಥಿಗಳು ಹೆಸರು ನೋಂದಾಯಿಸಲು ಹೋದರೆ ಅಧಿಕಾರಿ ಒಂದು ಪ್ರಶ್ನಾವಳಿ ಕೈಗಿಡುತ್ತಿದ್ದ: ಇಲ್ಲಿ ನಿನಗೆ ಆಸ್ತಿ ಇದೆಯೆ? ಕೆಲಸ ಗೊತ್ತಾಗಿದೆಯೆ? ಹಾಸ್ಟೆಲಿನಲ್ಲಿರುವ ಹುಡುಗ ಏನೆಂದು ಉತ್ತರಿಸಿಯಾನು? ವಿಷಯ ನ್ಯಾಯಾಲಯಕ್ಕೆ ಹೋಯಿತು. ಓದುವ ಊರಿನಲ್ಲಿ ಮತ ಹಾಕುವ ವಿದ್ಯಾರ್ಥಿಯ ಹಕ್ಕನ್ನು 1979ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಇನ್ನು ಮತದಾನದ ದಿನವೋ, ನವೆಂಬರಿನ ಮಂಗಳವಾರ. ಗಾಡಿ ಕಟ್ಟಿಕೊಂಡು ಮತಗಟ್ಟೆಗೆ ಬರುವ ರೈತರಿದ್ದ 1845ರಲ್ಲಿ ಗೊತ್ತುಮಾಡಿದ ದಿನ. ದೇಶಕ್ಕೆಲ್ಲ ಅನ್ವಯಿಸುವ ರಜೆ ಇಂದಿಗೂ ಇಲ್ಲ.

ಪರಿಹಾರಗಳೂ ನಡೆದಿವೆ. 1993ರ ಕಾನೂನಿನಂತೆ ವಾಹನ ಚಾಲನಾ ಪರವಾನಗಿ ಪಡೆಯುವಾಗಲೇ ಹೆಸರು ನೋಂದಾಯಿಸಬಹುದು. ಮಿನೆಸೋಟದಲ್ಲಿ 1970ರ ದಶಕದಿಂದಲೂ ಮತದಾನದ ದಿನವೇ, ಮತಗಟ್ಟೆಯಲ್ಲೇ ನೋಂದಣಿ. ಮತದಾನದ ಪ್ರಮಾಣದಲ್ಲಿ ಆ ರಾಜ್ಯ ಬಹುತೇಕ ಮುಂಚೂಣಿಯಲ್ಲೇ ಇರುತ್ತದೆ. ಕ್ಯಾಲಿಫೋರ್ನಿಯ, ಫ್ಲಾರಿಡಗಳಲ್ಲಿ ಹದಿನಾರಕ್ಕೇ ಅರ್ಜಿ ತುಂಬಿಕೊಡಬಹುದು. ಆ ಅರ್ಜಿ ಎರಡು ವರ್ಷ ಕಾಯುತ್ತದೆ; ಹದಿನೆಂಟು ತುಂಬಿದಾಗ ಹುಡುಗಿಯೋ ಹುಡುಗನೋ ಮತದಾರರಾಗಿರುತ್ತಾರೆ.