ಮನೆಗೆ ಯಾವ ಗೋಸುಂಬೆ?

ಪ್ರಾಣಿಗಳನ್ನು ಸಾಕುವ ಹವ್ಯಾಸವು ಮನುಷ್ಯನಿಗೆ ಹೊಸದಲ್ಲ. ಆಕಳು, ಎಮ್ಮೆ, ನಾಯಿ, ಬೆಕ್ಕುಗಳು ಸಾವಿರಾರು ವರ್ಷಗಳಿಂದ ಅವನ ಸಂಗಡ ಬಾಳುತ್ತ ಬಂದಿವೆ. ಈಚಿನ ದಶಕಗಳಲ್ಲಿ ಹಾವು, ಆಮೆ, ಗೋಸುಂಬೆಗಳಂಥ ಸರೀಸೃಪಗಳನ್ನೂ ಮನೆಯೊಳಗೆ ತಂದಿಟ್ಟುಕೊಳ್ಳುವ ಗೀಳು ಅನೇಕ ದೇಶಗಳಲ್ಲಿ ಬೆಳೆದಿದೆ. ಅವುಗಳ ಚಿತ್ರಗಳು ಮೊಬೈಲಿನ ಪರದೆಯ ಮೇಲೆ ನಮ್ಮ ಜಕ್ಕಲಿಯಂಥ ಹಳ್ಳಿಗೂ ಬಂದು ಮುಟ್ಟುತ್ತವೆ. ಅದನ್ನು ಕಂಡ ನಮ್ಮ ತರುಣರಲ್ಲಿ, ‘ನಾವೂ ಒಂದನ್ನು ಸಾಕಿದರೆ ಹೇಗೆ? ಯಾವ ಜಾತಿಯದು ಒಳ್ಳೆಯದು?’ ಎಂಬ ಪ್ರಶ್ನೆಯು ಏಳುವುದು ಸಹಜ. ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳಬೇಕಾದರೆ ಮೊದಲು ಈ ಪ್ರಾಣಿಯ ಗುಣಧರ್ಮಗಳನ್ನು ಅರಿಯುವುದು ಅವಶ್ಯ.

ನಮ್ಮ ಕಡೆ ಓತಿಕ್ಯಾತನನ್ನೂ ಗೋಸುಂಬೆಯನ್ನೂ ಒಂದೇ ಎಂದು ತಿಳಿಯುವವರು ಬಹಳ. ಬೇಲಿಯ ಮೇಲೆ ಕುಳಿತು ತಲೆಯಾಡಿಸಿ, ನಮ್ಮನ್ನು ಕಂಡೊಡನೆ ಸರ್ರನೆ ಓಡಿಹೋಗುವುದು ಓತಿಕ್ಯಾತ. ಸಂತಾನಕಾಲದಲ್ಲಿ ಗಂಡಿನ ತಲೆ, ಕೊರಳುಗಳು ಕೆಂಪೇರುವುದರಿಂದ ಅದಕ್ಕೂ ‘ಬಣ್ಣಗೇಡಿ’ಯ ಹೆಸರು ಬಂದಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಹಾರುವ ಓತಿಯು ಮಲೆನಾಡಿನ ಕಾಡಿನದು; ಅದು ಬೇರೆ. ಗೋಸುಂಬೆ ಅಥವಾ ಊಸರವಳ್ಳಿ ಎಂಬುದು ಇವೆರಡಕ್ಕೂ ಭಿನ್ನವಾದ ಪ್ರಾಣಿ. ಅದು ಓಡುವುದಿಲ್ಲ. ಗಾಳಿಗೆ ಅಲುಗುವ ಎಲೆಯಂತೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತ ಒಂದೊಂದೇ ಹೆಜ್ಜೆಯನ್ನಿಡುತ್ತದೆ. ಮೈ ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ. ತಲೆಯ ಮೇಲೆ ಶಿರಸ್ತ್ರಾಣದಂಥ ಏರು. ಬಾಲವು ಸುರುಳಿ ಸುತ್ತುವಂಥದು.

ಇದರ ಅಂಗರಚನೆಯು ಗಿಡದ ಮೇಲಿನ ಬಾಳಿಗೆಂದೇ ರೂಪುಗೊಂಡಿದೆ. ಮುಂಗಾಲಿನ ಐದು ಬೆರಳುಗಳಲ್ಲಿ ಒಳಗಿನ ಮೂರು, ಹೊರಗಿನ ಎರಡು ಕೂಡಿಕೊಂಡು ಇಕ್ಕಳದಂತಾಗಿವೆ. ಹಿಂಗಾಲಿನಲ್ಲಿ ಒಳಗೆ ಎರಡು, ಹೊರಗೆ ಮೂರು. ಬಾಲವು ಐದನೆಯ ಕೈಯಂತೆ ಟೊಂಗೆಯನ್ನು ಹಿಡಿಯುತ್ತದೆ. ಕಣ್ಣುಗಳೆರಡೂ ಪ್ರತ್ಯೇಕವಾಗಿ ತಿರುಗುವುದರಿಂದ ಒಂದು ಮುಂದೆ ನೋಡುತ್ತಿರುವಾಗ ಇನ್ನೊಂದು ಹಿಂದೆ ನೋಡಬಲ್ಲದು. ಮಿಡತೆಯು ಕಂಡಿತೆಂದರೆ ಎರಡು ಕಣ್ಣುಗಳೂ ಅದರ ಮೇಲೆ ನೆಟ್ಟು, ದೂರವನ್ನು ಅಳೆದು, ಮೈಯುದ್ದವನ್ನು ಮೀರುವ ನಾಲಿಗೆಯು ಕಣ್ಣೆವೆ ಮುಚ್ಚುವಷ್ಟರಲ್ಲಿ ಹೋಗಿ ಬೇಟೆಯೊಡನೆ ಹಿಂದಿರುಗುತ್ತದೆ. ಎಳೆದು ಬಿಟ್ಟ ಬಿಲ್ಲಿನಂತೆ, ನಾಲಿಗೆಯೊಳಗಿನ ಸ್ಥಿತಿಸ್ಥಾಪಕ ತಂತುಗಳಲ್ಲಿ ಮೊದಲೇ ಕೂಡಿಟ್ಟ ಶಕ್ತಿಯು ಒಮ್ಮೆಲೆ ಬಿಡುಗಡೆಯಾಗುವುದೇ ಈ ವೇಗಕ್ಕೆ ಕಾರಣ.

ಇನ್ನು ಬಣ್ಣದ ಮಾತು. ಪಕ್ಷ ಬದಲಿಸುವವನನ್ನು ನಾವು ಗೋಸುಂಬೆಯೆಂದು ಹಂಗಿಸುತ್ತೇವೆ. ಅದು ಕುಳಿತ ಸ್ಥಳದ ಬಣ್ಣವನ್ನೇ ತಾಳುತ್ತದೆಂಬ ನಂಬಿಕೆಯೂ ಜನರಲ್ಲಿ ಗಟ್ಟಿಯಾಗಿದೆ. ವಾಸ್ತವವಾಗಿ ಬಣ್ಣವು ಅದರ ದೇಹಸ್ಥಿತಿಯನ್ನೂ ಮನಸ್ಥಿತಿಯನ್ನೂ ಹೊರಗೆಡಹುವ ಭಾಷೆ. ಮುಂಜಾನೆಯ ಚಳಿಯಲ್ಲಿ ಬಿಸಿಲನ್ನು ಹೀರಲು ಮೈ ಕಪ್ಪಾಗುತ್ತದೆ. ಎದುರಾಳಿಯನ್ನು ಕಂಡಾಗ, ಹೆದರಿದಾಗ, ಸಂಗಾತಿಯನ್ನು ಅರಸುವಾಗ ಬೇರೆ ಬೇರೆ ಬಣ್ಣಗಳು ಮೂಡುತ್ತವೆ. ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಮಡಗಾಸ್ಕರಿನ ಒಂದು ಜಾತಿಯನ್ನು ಪರೀಕ್ಷಿಸಿ 2015ರಲ್ಲಿ ಇದರ ಗುಟ್ಟನ್ನು ಪ್ರಕಟಿಸಿದರು. ಚರ್ಮದ ಕೆಲವು ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳಿವೆ. ಅವು ಒತ್ತಾಗಿದ್ದಾಗ ನೀಲಿ ಬೆಳಕನ್ನೂ, ವಿರಳವಾದಾಗ ಹಳದಿ, ಕೆಂಪು ಬೆಳಕನ್ನೂ ಪ್ರತಿಫಲಿಸುತ್ತವೆ. ಆದುದರಿಂದ ಗೋಸುಂಬೆಯನ್ನು ಮೋಸಗಾರನಿಗೆ ಹೋಲಿಸುವುದು ಅಷ್ಟು ಸರಿಯಲ್ಲ. ತನ್ನ ಅಂತರಂಗವನ್ನು ಮೈಮೇಲೆಯೇ ಬರೆದುಕೊಳ್ಳುವ ಪ್ರಾಣಿಯದು.

ಜಗತ್ತಿನಲ್ಲಿ ಗೋಸುಂಬೆಯ ಜಾತಿಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲಿವೆ. ಪರದೇಶಗಳಲ್ಲಿ ಸಾಕುವವರು ಹೆಚ್ಚಾಗಿ ಮೂರನ್ನು ಆರಿಸಿಕೊಳ್ಳುತ್ತಾರೆ. ಮೊದಲನೆಯದು ಯೆಮನ್ ಮತ್ತು ಸೌದಿ ಅರೇಬಿಯಗಳ ಗೋಸುಂಬೆ. ತಲೆಯ ಮೇಲೆ ಎತ್ತರದ ಕಿರೀಟವುಳ್ಳ ಇದು ಉಳಿದವಕ್ಕಿಂತ ಗಟ್ಟಿ ಜೀವ. ಹೊಸಬರಿಗೆ ಇದನ್ನೇ ಹೇಳುವುದು ವಾಡಿಕೆ. ಆದರೆ ಇದರ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಬರಡು ಮೊಟ್ಟೆಗಳನ್ನು ಕಟ್ಟುತ್ತದೆ. ಅಗೆಯಲು ತಕ್ಕ ಮಣ್ಣು ದೊರೆಯದಿದ್ದರೆ ಮೊಟ್ಟೆಗಳು ಒಳಗೇ ಉಳಿದು ಅದರ ಪ್ರಾಣಕ್ಕೇ ಮುಳುವಾಗಬಹುದು. ಎರಡನೆಯದು ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆ. ಬಣ್ಣದ ವೈಭವದಲ್ಲಿ ಇದಕ್ಕೆ ಸಮನಾದುದು ವಿರಳ. ಮೂರನೆಯದು ಕೀನ್ಯಾ, ಟಾಂಜಾನಿಯಗಳ ಬೆಟ್ಟದ ತಂಪಿನಲ್ಲಿರುವ ಜಾಕ್ಸನ್ ಗೋಸುಂಬೆ. ಗಂಡಿಗೆ ಮುಖದ ಮೇಲೆ ಮೂರು ಕೋಡು. ಹೆಣ್ಣು ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ. ನಮ್ಮ ಎರೆ ನಾಡಿನ ಬೇಸಗೆಯನ್ನು ಇದು ತಾಳಲಾರದು.

ಜಾತಿ ಯಾವುದೇ ಇರಲಿ, ಪೋಷಣೆಯು ಸುಲಭವಲ್ಲ. ಬೋಗುಣಿಯಲ್ಲಿಟ್ಟ ನೀರನ್ನು ಗೋಸುಂಬೆಯು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಯ ಮೇಲೆ ತೊಟ್ಟಿಕ್ಕುವ ಹನಿಯನ್ನಷ್ಟೇ ನೆಕ್ಕುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳಿಲ್ಲದೆ ಅದರ ದೇಹದಲ್ಲಿ ಡಿ ಜೀವಸತ್ವವು ಸಿದ್ಧವಾಗದು. ಸುಣ್ಣದ ಅಂಶವು ಮೈಗೆ ಹತ್ತದೆ ಎಲುಬುಗಳು ಮೆತ್ತಗಾಗಿ ಡೊಂಕಾಗುತ್ತವೆ. ಅದಕ್ಕೆಂದು ವಿಶೇಷ ದೀಪ, ಗಾಳಿಯಾಡುವ ಎತ್ತರದ ಜಾಲರಿ ಪಂಜರ, ಕ್ಯಾಲ್ಸಿಯಂ ಪುಡಿ ಸವರಿದ ಜೀವಂತ ಕೀಟಗಳು ಬೇಕು. ಇಷ್ಟನ್ನೂ ಒದಗಿಸಿದರೂ ಅದು ನಾಯಿಯಂತೆ ಒಡೆಯನನ್ನು ಕಂಡು ಹಿಗ್ಗುವುದಿಲ್ಲ. ಗೋಸುಂಬೆಯು ಏಕಾಂತಜೀವಿ. ಒಂದೇ ಪಂಜರದಲ್ಲಿ ಎರಡನ್ನಿಟ್ಟರೆ ಕಾದಾಡುತ್ತವೆ ಇಲ್ಲವೆ ಕೊರಗುತ್ತವೆ. ಮೇಲಿಂದ ಮೇಲೆ ಕೈಯಿಂದ ಎತ್ತುವುದೂ ಅದಕ್ಕೆ ಹಿಂಸೆಯೇ. ನಾವು ಮೆಚ್ಚಿ ನೋಡುವ ಕಡುಬಣ್ಣವು ಎಷ್ಟೋ ಸಲ ಅದರ ಭಯದ ಕೂಗಾಗಿರುತ್ತದೆ.

ಸಾಕಿದ ಪ್ರಾಣಿಯು ಕೈತಪ್ಪಿದರೆ ಏನಾಗುತ್ತದೆಂಬುದಕ್ಕೆ ಹವಾಯಿ ದ್ವೀಪಗಳು ನಿದರ್ಶನ. ಮಾರಾಟಕ್ಕೆಂದು 1972ರಲ್ಲಿ ಅಲ್ಲಿಗೆ ತಂದ ಕೆಲವೇ ಡಜನ್ ಜಾಕ್ಸನ್ ಗೋಸುಂಬೆಗಳು ತೋಟದಲ್ಲಿ ಬಿಡುಗಡೆ ಹೊಂದಿ, ಸಂತಾನವನ್ನು ಬೆಳೆಸಿ, ದ್ವೀಪದಿಂದ ದ್ವೀಪಕ್ಕೆ ಹಬ್ಬಿದವು. ಬೇರೆಲ್ಲಿಯೂ ಇಲ್ಲದ ಅಲ್ಲಿಯ ಕೀಟ, ಬಸವನಹುಳುಗಳು ಅವುಗಳ ಹೊಟ್ಟೆಯನ್ನು ಸೇರುತ್ತಿವೆ.

ಹಾಗಾದರೆ ನಮ್ಮ ದೇಶದ ಗೋಸುಂಬೆಯನ್ನೇ ಸಾಕಬಹುದೇ? ಭಾರತದಲ್ಲಿರುವುದು ಒಂದೇ ಒಂದು ಜಾತಿ. ಆಸ್ಟ್ರಿಯದ ಲಾರೆಂಟಿಯು 1768ರಲ್ಲಿ ಇದಕ್ಕೆ ‘ಕೆಮೀಲಿಯೊ ಝೈಲಾನಿಕಸ್’ ಎಂದು, ಅಂದರೆ ಸಿಂಹಳದ ಗೋಸುಂಬೆಯೆಂದು, ಹೆಸರಿಟ್ಟನು. ಇದರ ನೆಲೆಯು ಸಿಂಹಳವಲ್ಲದೆ ನಮ್ಮ ದಕ್ಷಿಣ ಭಾರತದ ಒಣನಾಡುಗಳನ್ನೂ ಒಳಗೊಂಡಿದೆ. ಬಾಲವೂ ಸೇರಿ ಒಂದಡಿಯನ್ನು ಮೀರಿ ಬೆಳೆಯುವ ಇದು ಹಸಿರು, ಹಳದಿ, ಕಂದು ಬಣ್ಣಗಳನ್ನು ತಾಳುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇದಕ್ಕೆ ರಕ್ಷಣೆಯನ್ನಿತ್ತಿದೆ. ಆ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬಲೆಯೊಡ್ಡುವುದೂ ಸೇರಿತು. ಆದ್ದರಿಂದ ಬೇಲಿಯ ಗೋಸುಂಬೆಯನ್ನು ತಂದು ಪಂಜರದಲ್ಲಿಡುವುದು ಅಪರಾಧ. ಪರದೇಶದ ಜಾತಿಗಳ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಗಳುಂಟು. ಅಂಥ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಸರಕಾರಕ್ಕೆ ತಿಳಿಸಿ ನೋಂದಣಿ ಮಾಡಿಸಬೇಕೆಂದು 2022ರ ತಿದ್ದುಪಡಿಯು ವಿಧಿಸಿದೆ.

ಇಷ್ಟೆಲ್ಲವನ್ನೂ ತೂಗಿ ನೋಡಿದರೆ ಜಕ್ಕಲಿಯವರಿಗೆ ಒಪ್ಪುವ ಗೋಸುಂಬೆಯು ಒಂದೇ: ನಮ್ಮ ಬದುವಿನ ಬೇವು, ಜಾಲಿಗಳ ಮೇಲೆ ತಾನಾಗಿಯೇ ಇರತಕ್ಕದ್ದು. ಅದಕ್ಕೆ ದೀಪವೂ ಬೇಡ, ಪುಡಿಯೂ ಬೇಡ. ಬಿಸಿಲು ಅಲ್ಲಿಯೇ ಇದೆ. ಎಲೆಯ ಮೇಲೆ ಇಬ್ಬನಿಯಿದೆ. ಕಡಲೆ, ಜೋಳಗಳ ಹೊಲದ ಅಂಚಿನಲ್ಲಿ ಮಿಡತೆಗಳಿಗೆ ಕೊರತೆಯಿಲ್ಲ. ಹೆಣ್ಣು ಗಿಡದಿಂದಿಳಿದು ನೆಲವನ್ನು ಅಗೆದು ಹತ್ತಿಪ್ಪತ್ತು ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ ಹೋಗುತ್ತದೆ. ಅದಕ್ಕೆ ಬೇಕಾದುದು ಉಳುಮೆಯ ಬಾಯಿಗೆ ಸಿಕ್ಕದ ಒಂದಿಷ್ಟು ಬದುವಿನ ನೆಲ, ನೆರಳಿಗೆ ನಾಲ್ಕು ಗಿಡ. ಅಂಗುಲ ಭೂಮಿಯನ್ನೂ ಬಿಡದೆ ಬದುವನ್ನು ಕೆತ್ತಿ, ಬೇಲಿಗೆ ಬೆಂಕಿಯಿಟ್ಟು, ಹೊಲದ ತುಂಬ ವಿಷವನ್ನು ಸಿಂಪಡಿಸಿದರೆ ಅದರ ಮನೆಯೂ ಊಟವೂ ಒಟ್ಟಿಗೇ ನಾಶವಾಗುತ್ತವೆ.

ಇದಕ್ಕಿಂತ ಮಿಗಿಲಾದ ಕೇಡು ನಮ್ಮ ಅಜ್ಞಾನದ್ದು. ಗೋಸುಂಬೆಗೆ ವಿಷವಿಲ್ಲ. ಹೆದರಿದಾಗ ಮೈಯುಬ್ಬಿಸಿ, ಬಾಯ್ದೆರೆದು ಬುಸುಗುಡುವುದು ಅದರ ಬೆದರಿಕೆ ಮಾತ್ರ. ಆದರೂ ವಿಷಜಂತುವೆಂದೋ ಅಪಶಕುನವೆಂದೋ ಕಲ್ಲೆಸೆದು ಕೊಲ್ಲುವವರಿದ್ದಾರೆ. ಭಾಗವತದ ನೃಗರಾಜನ ಕಥೆಯನ್ನು ನಾವು ಕೇಳಿದ್ದೇವೆ. ದಾನದ ದೋಷದಿಂದ ಕೃಕಲಾಸವಾಗಿ ಹಾಳು ಬಾವಿಯಲ್ಲಿ ಬಿದ್ದಿದ್ದ ಅರಸನನ್ನು ಮೊದಲು ಕಂಡವರು ಆಟಕ್ಕೆ ಹೋದ ಯಾದವರ ಹುಡುಗರು. ಕೃಕಲಾಸವೆಂದರೆ ಓತಿ ಎಂದೂ ಗೋಸುಂಬೆ ಎಂದೂ ಅರ್ಥ ಹೇಳುವುದುಂಟು. ಆ ಹುಡುಗರು ಅದಕ್ಕೆ ಕಲ್ಲೆಸೆಯಲಿಲ್ಲ. ಮರುಗಿ, ಹಗ್ಗಗಳನ್ನು ತಂದು ಮೇಲೆತ್ತಲು ಹೆಣಗಿದರು. ತಮ್ಮಿಂದಾಗದಿದ್ದಾಗ ಕೃಷ್ಣನನ್ನು ಕರೆದರು.

ಗೋಸುಂಬೆಯು ರಸ್ತೆಯನ್ನು ದಾಟುವಾಗ ಅದರ ನಿಧಾನವೇ ಅದಕ್ಕೆ ಮೃತ್ಯು. ಅಂಥ ಸಮಯದಲ್ಲಿ ವಾಹನವಿಲ್ಲದ್ದನ್ನು ನೋಡಿಕೊಂಡು ಒಂದು ಕೋಲನ್ನು ಅದರ ಮುಂದೆ ಹಿಡಿದರೆ, ಅದೇ ಅದನ್ನು ಹಿಡಿದುಕೊಳ್ಳುತ್ತದೆ. ಅದು ಹೊರಟಿದ್ದ ದಿಕ್ಕಿನ ಗಿಡದ ಮೇಲೆ ಬಿಟ್ಟರಾಯಿತು. ಗಾಯಗೊಂಡುದು ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ನೋಡುವ ಆಸೆಯುಳ್ಳ ವಿದ್ಯಾರ್ಥಿಮಿತ್ರರು ಮುಂಜಾನೆ ಬದುವಿನ ಬಳಿ ಸದ್ದಿಲ್ಲದೆ ಕಾಲು ತಾಸು ನಿಂತು, ಕಂಡುದನ್ನು, ದಿನ, ವೇಳೆ, ಗಿಡದ ಹೆಸರು, ಮೈಬಣ್ಣಗಳೊಂದಿಗೆ ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಲಿ. ವರ್ಷಾನುವರ್ಷ ಹೀಗೆ ಬರೆದ ವಹಿಯು ನಮ್ಮ ನಾಡಿನ ಜೀವಸಂಪತ್ತಿನ ಬಗೆಗೆ ಬೆಲೆಯುಳ್ಳ ದಾಖಲೆಯಾದೀತು. ಸಾಕುವ ಆಸೆಯು ತೀರದವರು ಹೊಲದ ಬದುವಿನಲ್ಲಿ ಒಂದು ಬೇವಿನ ಸಸಿಯನ್ನು ನೆಟ್ಟು ಸಾಕಲಿ. ಗೋಸುಂಬೆಗೆ ಅದಕ್ಕಿಂತ ಒಳ್ಳೆಯ ಮನೆಯನ್ನು ನಾವು ಕಟ್ಟಿಕೊಡಲಾರೆವು.