ಉತ್ತರ ಮುಚ್ಚಿಟ್ಟು ಓದಿದ ಪುಸ್ತಕ

ಪದವಿಯ ಎರಡನೇ ವರ್ಷ. ಅಂತರ ಕಾಲೇಜು ಚೆಸ್ ಪಂದ್ಯದ ಕೊನೆಯ ಸುತ್ತು. ಬೋರ್ಡಿನ ಮೇಲೆ ಉಳಿದಿದ್ದು ಮೂರೇ ಕಾಯಿ. ಎದುರಾಳಿಯ ಬಿಳಿ ರಾಜ ಇ5ರಲ್ಲಿ, ಅವಳ ಕಾಲಾಳು ಇ6ರಲ್ಲಿ, ನನ್ನ ಕಪ್ಪು ರಾಜ ಇ7ರಲ್ಲಿ. ನಡೆ ನನ್ನದು. ನನಗಿದ್ದದ್ದು ಮೂರು ಮನೆ: ಡಿ8, ಇ8, ಎಫ್8. ಮೂರೂ ಒಂದೇ ಅಂದುಕೊಂಡು ಡಿ8ಕ್ಕೆ ಹೋದೆ. ಅಲ್ಲಿಂದ ನಾಲ್ಕನೇ ನಡೆಗೆ ಅವಳ ಕಾಲಾಳು ರಾಣಿಯಾಯಿತು. ನಾನು ಕೈ ಕೊಟ್ಟು ಎದ್ದೆ.

ನೇರ ಹಿಂದಕ್ಕೆ, ಇ8ಕ್ಕೆ ಹೋಗಿದ್ದರೆ ಆಟ ಡ್ರಾ ಆಗುತ್ತಿತ್ತು ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಐದು ಸುತ್ತುಗಳಲ್ಲಿ ನನ್ನ ಗಳಿಕೆ ಒಂದೇ ಅಂಕ. ವಾಪಸ್ ಬರುವಾಗ ಬಸ್ಸಿನಲ್ಲಿ ಗೆಳತಿ, 'ಬಿಡೇ ಮಾರಾಯ್ತಿ, ಆಟ ಅಷ್ಟೇ ಅಲ್ವಾ' ಅಂದಳು. ಆಟ ಅಷ್ಟೇ ಆಗಿದ್ದರೆ ನನಗೂ ಬೇಜಾರಿರಲಿಲ್ಲ. ಅದಕ್ಕೂ ಮುಂಚೆ ಆರು ತಿಂಗಳು ರಾತ್ರಿ ಹನ್ನೊಂದರವರೆಗೆ ಮೊಬೈಲಿನಲ್ಲಿ ಚೆಸ್ ವಿಡಿಯೊ ನೋಡಿದ್ದೆ. ಸಿಸಿಲಿಯನ್, ಇಟಾಲಿಯನ್, ಲಂಡನ್ ಎಂದು ಆಟದ ಆರಂಭಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿದ್ದೆ. ಮೂರೇ ಕಾಯಿ ಉಳಿದಾಗ ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಮನೆಯಲ್ಲಿ ಅಪ್ಪ ಒಂದೇ ಮಾತು ಕೇಳಿದರು: 'ಚೆಸ್ಸು ಹೊಟ್ಟೆ ತುಂಬಿಸ್ತದಾ ಮಗಾ?'

ಅವರು ಸಿಟ್ಟಿನಿಂದ ಕೇಳಿದ್ದಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ತೋಟ ಇರುವವರಿಗೆ ಆ ಪ್ರಶ್ನೆಯ ಭಾರ ಗೊತ್ತು. ಹಳದಿ ಎಲೆ ರೋಗ ನಮ್ಮ ತೋಟವನ್ನು ವರ್ಷದಿಂದ ವರ್ಷಕ್ಕೆ ತಿನ್ನುತ್ತಾ ಬಂದಿದೆ. ಅದರ ಮೇಲೆ ಈಗ ಎಲೆಚುಕ್ಕಿ ಬೇರೆ. ತೋಟ ನಂಬಿಕೊಂಡು ಕೂರುವ ಹಾಗಿಲ್ಲ, ನಾನೊಂದು ಕೆಲಸ ಹಿಡಿಯಲೇಬೇಕು. ಅಂಥ ಹೊತ್ತಿನಲ್ಲಿ ಮಗಳು ಬೋರ್ಡ್ ಹಿಡಿದು ಕೂತರೆ ಯಾವ ಅಪ್ಪ ತಾನೇ ಕೇಳುವುದಿಲ್ಲ?

ಮೇಷ್ಟ್ರ ಹಳೆಯ ಪುಸ್ತಕ

ನರಸಿಂಹರಾಜಪುರದಲ್ಲಿ ನಮ್ಮ ದೊಡ್ಡಮ್ಮನ ಮನೆಯಿದೆ. ಪಕ್ಕದಲ್ಲೇ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಮಳೆಗಾಲದ ರಜೆಯಲ್ಲಿ ಹೋದಾಗ ನನ್ನ ಸೋಲಿನ ಕತೆ ಹೇಳಿಕೊಂಡೆ. ಅವರು ನಕ್ಕು, ಬೆನ್ನು ಕಿತ್ತುಹೋದ ಒಂದು ಪುಸ್ತಕ ತಂದುಕೊಟ್ಟರು. ಕಾಪಾಬ್ಲಾಂಕಾ ಬರೆದ 'ಚೆಸ್ ಫಂಡಮೆಂಟಲ್ಸ್'. ಕ್ಯೂಬಾ ದೇಶದ ಕಾಪಾಬ್ಲಾಂಕಾ 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದವರು. ಪುಸ್ತಕ ಬಂದದ್ದೂ 1921ರಲ್ಲೇ.

ತೆರೆದರೆ ಒಂದಕ್ಷರ ಅರ್ಥವಾಗಲಿಲ್ಲ. ನಾವು ಈಗ ಬೋರ್ಡಿನ ಮನೆಗಳನ್ನು ಎ1, ಇ4, ಎಚ್8 ಎಂದು ಗುರುತಿಸುತ್ತೇವೆ. ಆ ಪುಸ್ತಕದಲ್ಲಿದ್ದದ್ದು ಹಳೆಯ ಪದ್ಧತಿ. ಅದರಲ್ಲಿ ಪ್ರತಿ ಮನೆಗೂ ಎರಡು ಹೆಸರು. ಬಿಳಿಯವರ ಕಡೆಯಿಂದ ಎಣಿಸಿದರೆ 'ರಾಜನ ನಾಲ್ಕು', ಕಪ್ಪಿನವರ ಕಡೆಯಿಂದ ಅದೇ ಮನೆ 'ರಾಜನ ಐದು'. ವಿಶ್ವ ಚೆಸ್ ಸಂಸ್ಥೆ ಫಿಡೆ ಈ ಪದ್ಧತಿಯನ್ನು 1981ರಲ್ಲೇ ಕೈಬಿಟ್ಟಿದೆ. 'ಸರ್, ಹೊಸ ಪುಸ್ತಕ ಯಾವುದಾದರೂ ಇದ್ಯಾ?' ಎಂದು ಕೇಳಿದೆ. 'ಇದನ್ನೇ ಹೊಸ ಪದ್ಧತಿಗೆ ಬರ್ಕೊಳಮ್ಮ. ಬರೆಯುವಾಗ ಪ್ರತಿ ನಡೆಯನ್ನೂ ನೋಡಲೇಬೇಕಾಗ್ತದೆ' ಅಂದರು.

ಪುಸ್ತಕ ಶುರುವಾಗುವುದು ಆಟದ ಕೊನೆಯಿಂದ. ರಾಜ ಮತ್ತು ಒಂದೇ ಒಂದು ಆನೆ ಇಟ್ಟುಕೊಂಡು ಒಂಟಿ ರಾಜನನ್ನು ಹೇಗೆ ಕಟ್ಟಿಹಾಕುವುದು ಎಂಬಲ್ಲಿಂದ. ಕೆಲವು ಪುಟ ದಾಟಿದರೆ ರಾಜ ಮತ್ತು ಕಾಲಾಳಿನ ಆಟ. ನಾನು ಸೋತ ಬಗೆಯ ಆಟ ಅಲ್ಲೇ ಕೂತಿತ್ತು!

ವಿಷಯ ಇಷ್ಟೇ. ಎರಡು ರಾಜರು ನಡುವೆ ಒಂದು ಮನೆ ಬಿಟ್ಟು ಮುಖಾಮುಖಿ ನಿಂತಾಗ ನಡೆ ಯಾರದೋ ಅವರೇ ದಾರಿ ಬಿಡಬೇಕು. ಚೆಸ್ಸಿನಲ್ಲಿ ಇದಕ್ಕೆ ಅಪೊಸಿಷನ್ ಎನ್ನುತ್ತಾರೆ. ನಾನು ಇ8ಕ್ಕೆ ಹೋಗಿದ್ದರೆ ಅವಳ ರಾಜ ಡಿ6ಕ್ಕೆ ಬಂದಾಗ ನಾನು ಡಿ8ಕ್ಕೆ, ಎಫ್6ಕ್ಕೆ ಬಂದಾಗ ಎಫ್8ಕ್ಕೆ ಹೋಗಿ ಎದುರು ನಿಲ್ಲಬಹುದಿತ್ತು. ಆಗ ಕಾಲಾಳು ಏಳನೇ ಸಾಲಿಗೆ ಬರುವುದು ಚೆಕ್ ಕೊಟ್ಟುಕೊಂಡೇ. ಹಾಗೆ ಬಂದರೆ ಆಟ ಡ್ರಾ. ಮೊದಲೇ ಡಿ8ಕ್ಕೆ ಹೋಗಿ ಆ ಅವಕಾಶ ಅವಳ ಕೈಗೆ ಕೊಟ್ಟೆ. ಅವಳ ಕಾಲಾಳು ಚೆಕ್ ಕೊಡದೆ ಸದ್ದಿಲ್ಲದೆ ಏಳನೇ ಸಾಲಿಗೆ ಬಂತು. ಹಾಗೆ ಬಂದರೆ ಅವರದೇ ಗೆಲುವು.

ಓದಿದ್ದು ಮರೆತುಹೋಗಿತ್ತು

ಒಂದು ವಾರದಲ್ಲಿ ಅರ್ಧ ಪುಸ್ತಕ ಓದಿ ಮುಗಿಸಿದೆ. ಬೀಗುತ್ತಾ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಐದನೇ ಪುಟದ ಆಸುಪಾಸಿನ ಒಂದು ಸ್ಥಾನ ಹೇಳಿ, 'ಈಗ ಬಿಳಿಯವರ ನಡೆ ಯಾವುದು?' ಅಂದರು. ಹೊಳೆಯಲಿಲ್ಲ. ಪುಸ್ತಕದಲ್ಲಿ ಓದುವಾಗ ಪ್ರತಿ ನಡೆಯೂ 'ಹೌದಲ್ವಾ' ಅನ್ನಿಸಿತ್ತು. ಪುಸ್ತಕ ಮುಚ್ಚಿದರೆ ಏನೂ ಇರಲಿಲ್ಲ.

ಅವರು ಹೇಳಿಕೊಟ್ಟ ಉಪಾಯ ಸರಳ. ಒಂದು ಪೋಸ್ಟ್‌ಕಾರ್ಡ್ ತೆಗೆದುಕೊಂಡು ಮುಂದಿನ ಸಾಲು ಮುಚ್ಚು. ಬೋರ್ಡಿನಲ್ಲಿ ಕಾಯಿ ಜೋಡಿಸು. ನಿನ್ನ ನಡೆ ಯಾವುದು, ಯಾಕೆ ಎಂದು ನೋಟ್‌ಬುಕ್ಕಿನಲ್ಲಿ ಬರೆ. ಆಮೇಲೆ ಕಾರ್ಡ್ ಸರಿಸು. ನಿನ್ನದೂ ಪುಸ್ತಕದ್ದೂ ಒಂದೇ ಆದರೆ ಮುಂದಕ್ಕೆ. ಬೇರೆಯಾದರೆ ಅಲ್ಲೇ ನಿಲ್ಲು. ನಿನ್ನ ನಡೆಯನ್ನೇ ಆಡಿ ಎಲ್ಲಿ ಕೆಡುತ್ತದೆ ನೋಡು.

ಹಾಗೆ ಮಾಡಿದರೆ ಒಂದು ಗಂಟೆಗೆ ಒಂದು ಪುಟವೂ ಸಾಗುತ್ತಿರಲಿಲ್ಲ. ಆದರೆ ನಮ್ಮಲ್ಲಿ ಮಳೆಗಾಲಕ್ಕೆ ಗಂಟೆಗಳಿಗೇನು ಬರ? ಆಷಾಢದಲ್ಲಿ ಕರೆಂಟ್ ಹೋದರೆ ಎರಡು ದಿನಕ್ಕೂ ಬಾರದಿರಬಹುದು. ನೆಟ್‌ವರ್ಕ್ ಬೇಕೆಂದರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಆನ್‌ಲೈನ್ ಆಟ ನಿಂತೇಹೋಯಿತು. ಚಾರ್ಜಿಂಗ್ ಲೈಟಿನ ಬೆಳಕಲ್ಲಿ ಬೋರ್ಡ್, ಪುಸ್ತಕ, ಪೋಸ್ಟ್‌ಕಾರ್ಡ್ ಇಷ್ಟೇ ಉಳಿಯಿತು. ಕಾಲೇಜು ಶುರುವಾದ ಮೇಲೆ ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಅಂಗೈ ಅಗಲದ ಮ್ಯಾಗ್ನೆಟ್ ಬೋರ್ಡ್ ತೆಗೆಯುತ್ತಿದ್ದೆ. ತಿರುವಿನಲ್ಲೂ ಅದರ ಕಾಯಿಗಳು ಬೀಳುವುದಿಲ್ಲ.

ನಾವು ನಿಧಾನ ಎಂದು ಬೈದುಕೊಳ್ಳುವ ಈ ರೀತಿಯಲ್ಲೇ ದೊಡ್ಡವರೂ ಬೆಳೆದಿದ್ದಾರೆ. ವಿಶ್ವನಾಥನ್ ಆನಂದ್ ಬಾಲ್ಯದಲ್ಲಿ ಕೆಲಕಾಲ ಫಿಲಿಪ್ಪೀನ್ಸ್‌ನಲ್ಲಿದ್ದರು. ಅಲ್ಲಿನ ಟಿ.ವಿ.ಯಲ್ಲಿ ಚೆಸ್ ಸಮಸ್ಯೆ ಬಿಡಿಸಿದವರಿಗೆ ಪುಸ್ತಕದ ಬಹುಮಾನ. ಇವರು ಎಷ್ಟು ಸಲ ಗೆದ್ದರೆಂದರೆ, ಬೇಕಾದಷ್ಟು ಪುಸ್ತಕ ತೆಗೆದುಕೊಂಡು ಹೋಗು, ಇನ್ನು ಉತ್ತರ ಕಳಿಸಬೇಡ ಎಂದರಂತೆ. ಇದನ್ನು ಆನಂದ್ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಹದಿನೆಂಟರ ಹರೆಯದಲ್ಲೇ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್, ಸುಮಾರು 2500 ರೇಟಿಂಗ್ ತಲುಪುವವರೆಗೂ ಕಂಪ್ಯೂಟರ್ ಎಂಜಿನ್ ಬಳಸಲಿಲ್ಲ. ಉತ್ತರವನ್ನು ಯಂತ್ರ ಹೇಳುವ ಮೊದಲು ಸ್ವಂತ ತಲೆ ಹೇಳಲಿ ಎಂಬುದು ಅವರ ಕೋಚ್ ಮಾಡಿದ ನಿಯಮ.

ನಮ್ಮ ನಾಡಿಗೂ ಇದು ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಹುಡುಕುತ್ತಾ ಕೂತವರು. ಅವರ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗ 'ಕೌತುಕನಿಧಿ' ಇಂಥ ಆಟಗಳಿಗೇ ಮೀಸಲು. ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಪಟ್ಟ ತಂದದ್ದೂ ಮೈಸೂರಿನವರೇ. 2017ರಲ್ಲಿ ಎಂ.ಎಸ್. ತೇಜ್‌ಕುಮಾರ್.

ಚೆಸ್ ಬುದ್ಧಿ ಬೆಳೆಸುತ್ತದಾ?

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಚೆಸ್ ಆಡಿದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ, ಪರೀಕ್ಷೆ ಸುಲಭವಾಗುತ್ತದೆ ಎಂದು ಅಪ್ಪನ ಮುಂದೆ ನಾನೂ ವಾದಿಸಿದ್ದೆ. ಅದು ಅಷ್ಟು ನಿಜವಲ್ಲ.

1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಒಂದು ಪ್ರಯೋಗ ಮಾಡಿದರು. ನಿಜವಾದ ಆಟವೊಂದರ ಸ್ಥಾನವನ್ನು ಐದು ಸೆಕೆಂಡ್ ತೋರಿಸಿ, ನೆನಪಿನಿಂದ ಜೋಡಿಸಲು ಹೇಳಿದರು. ಮಾಸ್ಟರ್ ಹದಿನಾರರಷ್ಟು ಕಾಯಿ ಸರಿಯಾಗಿ ಇಟ್ಟರು, ಹೊಸಬರು ನಾಲ್ಕರಷ್ಟು. ಆಮೇಲೆ ಅವೇ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದರು. ಆಗ ಮಾಸ್ಟರ್‌ಗೂ ಹೊಸಬರಿಗೂ ಹೆಚ್ಚು ವ್ಯತ್ಯಾಸವೇ ಉಳಿಯಲಿಲ್ಲ! ಮಾಸ್ಟರ್‌ಗೆ ನಮಗಿಲ್ಲದ ಮಿದುಳೇನೂ ಇರಲಿಲ್ಲ. ಸಾವಿರಾರು ಆಟ ನೋಡಿ, ಆಡಿ, ಅರ್ಥವಿರುವ ಗುಂಪುಗಳನ್ನು ಗುರುತಿಸುವ ರೂಢಿ ಮಾಡಿಕೊಂಡಿದ್ದರು, ಅಷ್ಟೇ.

ಇದನ್ನು ಓದಿದಾಗ ಮೊದಲು ಬೇಜಾರಾಯಿತು. ನನ್ನ ಚೆಸ್ ನನ್ನನ್ನು ಬ್ಯಾಂಕ್ ಪರೀಕ್ಷೆಯಲ್ಲಿ ಪಾಸು ಮಾಡಿಸುವುದಿಲ್ಲ ಎಂದಾಯಿತು. ಆಮೇಲೆ ಧೈರ್ಯವೂ ಬಂತು. ಹಾಗಾದರೆ ಅದೊಂದು ಹುಟ್ಟುಬುದ್ಧಿಯಲ್ಲ, ರೂಢಿ. ರೂಢಿಯನ್ನು ಕೊಪ್ಪದ ಮೂಲೆಯಲ್ಲಿ ಕೂತೂ ಮಾಡಿಕೊಳ್ಳಬಹುದು.

ನೋಟ್‌ಬುಕ್ ಬದಲಾಯಿತು

ಪದವಿ ಮುಗಿದ ವರ್ಷ ಮೊದಲ ಸಲ ಬ್ಯಾಂಕ್ ಪ್ರಿಲಿಮ್ಸ್ ಬರೆದೆ. ಗೈಡನ್ನು ಮೂರು ಸಲ ಓದಿದ್ದೆ. ಲೆಕ್ಕಗಳೆಲ್ಲ 'ಗೊತ್ತಿರುವವೇ' ಆಗಿದ್ದವು. ಕೆಲವೇ ಅಂಕಗಳಲ್ಲಿ ಕಟ್ ಆಫ್ ತಪ್ಪಿತು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆಂದು ಗೊತ್ತಿದ್ದೂ ಊಹಿಸಿ ಗುರುತು ಹಾಕಿದ್ದೆ. ಅಪ್ಪ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆ ರಾತ್ರಿ ಗೈಡ್ ತೆರೆದು ಕೂತಾಗ ಮೇಷ್ಟ್ರ ಐದನೇ ಪುಟ ನೆನಪಾಯಿತು. ಬಿಡಿಸಿದ ಲೆಕ್ಕವನ್ನು ಓದಿ 'ಹೌದಲ್ವಾ' ಅಂದುಕೊಳ್ಳುವುದನ್ನೇ ನಾನು ಇಲ್ಲಿಯೂ ಮಾಡಿದ್ದೆ. ಚೆಸ್ ಪುಸ್ತಕದಿಂದ ಪೋಸ್ಟ್‌ಕಾರ್ಡ್ ತೆಗೆದು ಗೈಡಿನೊಳಗೆ ಇಟ್ಟೆ. ಮುಚ್ಚುವುದು, ಬಿಡಿಸುವುದು, ಸರಿಸಿ ನೋಡುವುದು. ತಪ್ಪಾದ ಪ್ರತಿ ಲೆಕ್ಕವನ್ನೂ ಚೆಸ್ ನೋಟ್‌ಬುಕ್ಕಿನಂತೆಯೇ ಬರೆದಿಡುವುದು: ಗೊತ್ತಿರಲಿಲ್ಲವಾ? ಗೊತ್ತಿದ್ದೂ ಅವಸರ ಮಾಡಿದೆನಾ? ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲವಾ?

ತಿಂಗಳ ಕೊನೆಗೆ ಎಣಿಸಿದರೆ ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಅವಸರದವು. ನನ್ನ ಚೆಸ್ ನೋಟ್‌ಬುಕ್ಕಿನಲ್ಲೂ ಹಾಗೇ ಇತ್ತು. 'ಮೂರೂ ಒಂದೇ' ಅಂದುಕೊಂಡು ಡಿ8ಕ್ಕೆ ಹೋದವಳೇ ಪರೀಕ್ಷೆಯನ್ನೂ ಬರೆದಿದ್ದಳು.

ಚೆಸ್ ತಾನಾಗಿ ನನಗೇನೂ ಕೊಡಲಿಲ್ಲ. ಓದುವ ಕ್ರಮವೊಂದನ್ನು ಕಲಿಸಿತು. ಅದನ್ನು ಈ ಕಡೆಗೆ ನಾನೇ ಎತ್ತಿಕೊಂಡು ಬರಬೇಕಾಯಿತು.

ಓರೆ ನಡೆ

ಕೆಲಸ ಸಿಗುವವರೆಗೆ ಚೆಸ್ ಬಿಡಬೇಕಾ ಎಂದು ಮೇಷ್ಟ್ರನ್ನೇ ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಒಂದು ಸಮಸ್ಯೆ ಕೊಟ್ಟರು. ರಿಚರ್ಡ್ ರೇಟಿ 1921ರಲ್ಲಿ ರಚಿಸಿದ್ದು. ಬಿಳಿ ರಾಜ ಎಚ್8, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ6, ಕಪ್ಪು ಕಾಲಾಳು ಎಚ್5. ಬಿಳಿಯವರು ನಡೆದು ಡ್ರಾ ಮಾಡಬೇಕು.

ನೋಡಿದರೆ ಸೋಲು ಖಚಿತ. ಕಪ್ಪು ಕಾಲಾಳನ್ನು ಓಡಿ ಹಿಡಿಯಲು ರಾಜ ಎರಡು ಹೆಜ್ಜೆ ಹಿಂದಿದ್ದಾನೆ. ತನ್ನ ಕಾಲಾಳಿಗೆ ಆಸರೆಯಾಗಲೂ ದೂರ. ಆದರೆ ಅವನು ಜಿ7, ಎಫ್6 ಎಂದು ಓರೆಯಾಗಿ ನಡೆದರೆ ಪ್ರತಿ ಹೆಜ್ಜೆಯೂ ಎರಡೂ ಕಡೆಗೆ ಹತ್ತಿರ. ಕಪ್ಪಿನವರು ಒಂದನ್ನು ತಡೆಯಲು ಸಮಯ ಕಳೆದರೆ ಇನ್ನೊಂದು ಸಾಧ್ಯವಾಗುತ್ತದೆ. ಬೋರ್ಡ್ ಇದ್ದರೆ ದಯವಿಟ್ಟು ಜೋಡಿಸಿ ನೋಡಿ. ನನಗೆ ಎರಡು ದಿನ ಬೇಕಾಯಿತು.

ಈಗ ದಿನಕ್ಕೆ ಐದು ಗಂಟೆ ಪರೀಕ್ಷೆಯ ಓದು, ಅರ್ಧ ಗಂಟೆ ಚೆಸ್ ಪುಸ್ತಕ. ಮೊಬೈಲಿನಲ್ಲಿ ಮೂರು ನಿಮಿಷದ ಆಟಗಳನ್ನು ಬಿಟ್ಟಿದ್ದೇನೆ. ಅವುಗಳಿಂದ ಕಲಿತದ್ದಕ್ಕಿಂತ ಕಳೆದದ್ದೇ ಹೆಚ್ಚು.

ಶುರು ಮಾಡುವ ಆಸೆಯಿದ್ದರೆ ಖರ್ಚೇನೂ ಇಲ್ಲ. ಕಾಪಾಬ್ಲಾಂಕಾ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಂದೇ ಪುಸ್ತಕ ಹಿಡಿಯಿರಿ. ಆಟದ ಕೊನೆಯ ಭಾಗದಿಂದ ಆರಂಭಿಸಿ. ಆಡಿದ ಆಟ ಬರೆದಿಡಿ, ಸೋತದ್ದನ್ನು ಮೊದಲು ನೋಡಿ. ಎಂಜಿನ್ ಕೊನೆಗೆ ತೆರೆಯಿರಿ. ಮುಚ್ಚಲು ಒಂದು ಕಾರ್ಡ್ ಇಟ್ಟುಕೊಳ್ಳಿ.

ಅಂತಿಮ ವರ್ಷದ ಅಂತರ ಕಾಲೇಜು ಪಂದ್ಯದಲ್ಲಿ ನಾನು ಪದಕವೇನೂ ಗೆದ್ದಿರಲಿಲ್ಲ. ಐದರಲ್ಲಿ ಮೂರು ಅಂಕ. ಅದರಲ್ಲಿ ಒಂದು ಆಟ ರಾಜ, ಕಾಲಾಳಿಗೆ ಬಂದು ನಿಂತಿತ್ತು. ಈ ಸಲ ಎದುರಾಳಿ ಪಕ್ಕಕ್ಕೆ ಹೋದಳು. ಆಟ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು ನೇರ ಹಿಂದಕ್ಕೆ ಯಾಕೆ ಹೋಗಬೇಕಿತ್ತೆಂದು ತೋರಿಸಿಕೊಟ್ಟೆ.

ಮುಂದಿನ ಪ್ರಿಲಿಮ್ಸ್‌ಗೆ ಇನ್ನು ಕೆಲವೇ ವಾರ. ಮೊನ್ನೆ ಅಪ್ಪ ತೋಟದಿಂದ ಬಂದು ಕಾಲು ತೊಳೆದು ಮೇಜಿನ ಹತ್ತಿರ ನಿಂತರು. ತೆರೆದಿಟ್ಟ ಪುಸ್ತಕ, ಅದರ ಮೇಲಿನ ಪೋಸ್ಟ್‌ಕಾರ್ಡ್ ನೋಡಿ, 'ಇದು ಚೆಸ್ಸಾ, ಪರೀಕ್ಷೆಯದ್ದಾ?' ಅಂದರು.

'ಪರೀಕ್ಷೆಯದ್ದು ಅಪ್ಪ.'

'ಹಾಗಾದ್ರೆ ಕಾರ್ಡ್ ಸರಿಸ್ಬೇಡ, ಮೊದಲು ಬಿಡಿಸು' ಎಂದು ಹೇಳಿ ಒಳಗೆ ಹೋದರು.