ವಾರದ ಮಾತ್ರೆ, ಮುರಿದ ಮುಂಗೈ



ಊರಿಗೆ ಫೋನ್ ಮಾಡಿದಾಗ "ಅಮ್ಮಾ, ಮಾತ್ರೆ ತಗೊಂಡ್ಯಾ?" ಎಂದು ಕೇಳುತ್ತೇವೆ. "ಎಷ್ಟು ವರ್ಷದಿಂದ ತಗೋತಿದ್ದೀಯ?" ಎಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಮೂಳೆ ವೈದ್ಯನಾದ ನಾನೇ ಒಮ್ಮೆ ತಡವಾಗಿ ಕೇಳಿದೆ.

ಇಲ್ಲಿ ಬ್ರಿಟನ್‌ನಲ್ಲಿ ನನ್ನ ಬಳಿ ಬಂದ ಅಜ್ಜಿಯೊಬ್ಬರು ವಾಕರ್ ಹಿಡಿದು ಓಡಾಡುತ್ತಿದ್ದರು. ಕುರ್ಚಿಯಿಂದ ಏಳಲು ಕೈ ಊರಿದ್ದಷ್ಟೇ, ಮುಂಗೈ 'ಟಕ್' ಎಂದಿತು. ಕಿರುಬೆರಳಿನ ಕಡೆಯ ಮೂಳೆ, ಅಂದರೆ ಅಲ್ನಾ, ಸೀಮೆಸುಣ್ಣದ ಕಡ್ಡಿಯಂತೆ ಅಡ್ಡಲಾಗಿ ಮುರಿದಿತ್ತು. ಮಾಮೂಲಿ ಮುರಿತವೆಂದು ಪ್ಲೇಟ್ ಹಾಕಿದೆ. ಆರು ತಿಂಗಳಾದರೂ ಮೂಳೆ ಕೂಡಲಿಲ್ಲ. ಆಗ ವಿಚಾರಿಸಿದೆ: ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್‌ಗೆಂದು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆಯನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನುಂಗುತ್ತಿದ್ದರು.

ನಮ್ಮ ಮೂಳೆಯಲ್ಲಿ ಹಳೆಯದನ್ನು ಕೆಡವುವ, ಹೊಸದನ್ನು ಕಟ್ಟುವ ಕೆಲಸ ಸದಾ ನಡೆದಿರುತ್ತದೆ. ಈ ಮಾತ್ರೆ ಕೆಡವುವ ಜೀವಕೋಶಗಳನ್ನು ತಡೆಯುತ್ತದೆ, ಮೂಳೆ ಉಳಿಯುತ್ತದೆ. ಆದರೆ ಬಹಳ ವರ್ಷ ತಡೆದರೆ ರಿಪೇರಿಯೂ ನಿಧಾನವಾಗಿ, ಕೂದಲೆಳೆಯಂಥ ಬಿರುಕುಗಳು ಹಾಗೇ ಉಳಿಯುತ್ತವೆ. ತೊಡೆಮೂಳೆಯಲ್ಲಿ ಇಂಥ ಮುರಿತಗಳ ಬಗ್ಗೆ ಅಮೆರಿಕದ ಎಫ್‌ಡಿಎ 2010ರಲ್ಲೇ ಎಚ್ಚರಿಸಿತ್ತು. ಮುಂಗೈಯಲ್ಲಿ ಇದು ಇನ್ನೂ ಅಪರೂಪ. ಕೋಲಿಗೋ ವಾಕರ್‌ಗೋ ದಿನವೂ ಭಾರ ಹಾಕುವವರಲ್ಲಿ ಕಂಡುಬಂದಿದೆ.

ಅಜ್ಜಿಯ ಮಾತ್ರೆ ನಿಲ್ಲಿಸಿದೆವು. ಎರಡನೆಯ ಆಪರೇಷನ್‌ನಲ್ಲಿ ಗಡುಸಾದ ತುದಿಗಳನ್ನು ರಕ್ತ ಒಸರುವ ಮೂಳೆ ಸಿಗುವವರೆಗೆ ಕತ್ತರಿಸಿ, ಸೊಂಟದ ಮೂಳೆಯ ಚೂರು ತುಂಬಿ, ಗಟ್ಟಿ ಪ್ಲೇಟ್ ಕೂರಿಸಿದೆ. ಹೊಸ ಮೂಳೆ ಬೆಳೆಸುವ ಟೆರಿಪ್ಯಾರಟೈಡ್ ಇಂಜೆಕ್ಷನ್ ಕೊಟ್ಟೆವು. ಇನ್ನೊಂದು ಕೈ, ಎರಡೂ ತೊಡೆಗಳ ಎಕ್ಸ್‌ರೇ ತೆಗೆಸಿದೆವು. ಬಿರುಕು ಅಲ್ಲೂ ಅಡಗಿರಬಹುದು. ಈ ಸಲ ಮೂಳೆ ಕೂಡಿತು.

ಹಾಗೆಂದು ಇವತ್ತೇ ಅಮ್ಮನ ಮಾತ್ರೆ ನಿಲ್ಲಿಸಬೇಡಿ. ಅದು ತಪ್ಪಿಸುವ ಸೊಂಟದ ಮುರಿತಗಳು ಇಂಥ ಮುರಿತಗಳಿಗಿಂತ ಎಷ್ಟೋ ಪಾಲು ಹೆಚ್ಚು. ಸಾಮಾನ್ಯವಾಗಿ ಮಾತ್ರೆಗೆ 5 ವರ್ಷ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್‌ಗೆ 3 ವರ್ಷ ಆದಮೇಲೆ, ಬಿಡುವು ಕೊಡಬಹುದೇ ಎಂದು ವೈದ್ಯರು ಮರುಪರಿಶೀಲಿಸಬೇಕು. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್‌ಗೆ ಈ ಲೆಕ್ಕ ಸಲ್ಲದು. ಬೇರೆ ಔಷಧಿಯಿಲ್ಲದೆ ಅದನ್ನು ನಿಲ್ಲಿಸಿದರೆ ಬೆನ್ನುಮೂಳೆಗಳು ಮುರಿಯಬಹುದು.

ಮುಂದಿನ ಸಲ ಫೋನ್ ಮಾಡಿದಾಗ ಮೂರು ಮಾತು ಕೇಳಿ: ಯಾವ ಮಾತ್ರೆ? ಎಷ್ಟು ವರ್ಷದಿಂದ? ತೊಡೆಯಲ್ಲೋ ಮುಂಗೈಯಲ್ಲೋ ನೋವಿದೆಯಾ? ನೋವಿದ್ದರೆ "ವಯಸ್ಸಾಯ್ತಲ್ಲ" ಎಂದು ಬಿಡಬೇಡಿ, ಎಕ್ಸ್‌ರೇ ತೆಗೆಸಿ.